ಮೆದುಳಲ್ಲಿ ಒಂದು ಚಮಚ ಪ್ಲಾಸ್ಟಿಕ್ ಇದೆಯೆ? ಮೊದಲು ತೂಗಿದ ತಕ್ಕಡಿಯನ್ನು ನೋಡೋಣ

ಪ್ರಶ್ನೆ: ಮನುಷ್ಯನ ಮೆದುಳಿನಲ್ಲಿ ಒಂದು ಚಮಚದಷ್ಟು ಪ್ಲಾಸ್ಟಿಕ್ ಕೂತಿದೆ ಎಂದು 2025ರಲ್ಲಿ ಎಲ್ಲ ಕಡೆ ಸುದ್ದಿಯಾಯಿತು. ಈಗ ನೋಡಿದರೆ ಆ ಅಳತೆಯೇ ಸರಿಯಿಲ್ಲ ಎನ್ನುತ್ತಿದ್ದಾರೆ. ಯಾವುದನ್ನು ನಂಬುವುದು? ಬೆರಳು ಚುಚ್ಚಿ ಒಂದು ಹನಿ ರಕ್ತ ಕಳಿಸಿದರೆ ಮೈಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಎಂದು ಹೇಳುವ ಕಿಟ್ ಆನ್‌ಲೈನಿನಲ್ಲಿ ಕಂಡಿತು. ತರಿಸಬಹುದೆ? ಪುಡಿ ಉಪ್ಪು ಬಿಟ್ಟು ಸೈಂಧವ ಉಪ್ಪಿಗೆ ಹೋಗಬೇಕೆ? ಮನೆಯಲ್ಲಿ ಬಾಟಲಿ ಹಾಲು ಕುಡಿಯುವ 4 ತಿಂಗಳ ಮಗುವಿದೆ, ಅದಕ್ಕೇ ಹೆಚ್ಚು ಚಿಂತೆ.

ಉತ್ತರ: ಕಿಟ್ ಬೇಡ. ಉಪ್ಪು ಬದಲಿಸಬೇಡಿ. ಮಗುವಿನ ಬಾಟಲಿಯಲ್ಲಿ ಹಾಲು ಕಲಸುವ ಕ್ರಮವನ್ನು ಮಾತ್ರ ಸ್ವಲ್ಪ ಬದಲಿಸಿ, ಹೇಗೆಂದು ಕೊನೆಯಲ್ಲಿ ಬರೆದಿದ್ದೇನೆ. ಇನ್ನು ಮೆದುಳಿನ ವಿಷಯ. ಪ್ಲಾಸ್ಟಿಕ್ ಕಣಗಳು ನಮ್ಮ ಹೊಟ್ಟೆಗೂ ಶ್ವಾಸಕೋಶಕ್ಕೂ ಹೋಗುತ್ತವೆ ಎನ್ನುವುದರಲ್ಲಿ ಅನುಮಾನವಿಲ್ಲ. ಅಲ್ಲಿಂದ ಮುಂದೆ ರಕ್ತಕ್ಕೆ, ಅಂಗಗಳಿಗೆ ಎಷ್ಟು ದಾಟುತ್ತವೆ, ಎಷ್ಟು ಉಳಿಯುತ್ತವೆ ಎಂದು ಹೇಳುವ ಅಂಕಿಗಳು ಮಾತ್ರ ಇನ್ನೂ ಹಸಿ. "ಇದೆ" ಮತ್ತು "ಇಷ್ಟಿದೆ" ಬೇರೆ ಬೇರೆ ಮಾತು. ಸುದ್ದಿಯಲ್ಲಿ ಬರುವುದು ಎರಡನೆಯದು, ವಿಜ್ಞಾನ ಗಟ್ಟಿಯಾಗಿ ಹೇಳಬಲ್ಲದ್ದು ಮೊದಲನೆಯದು.

ನೀವು ಓದಿದ ಸುದ್ದಿಯ ಮೂಲ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಯಾಂಪೆನ್ ತಂಡದ ಅಧ್ಯಯನ. 2025ರ ಫೆಬ್ರವರಿಯಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿಟ್ಟ ಮೆದುಳಿನ ಮುಂಭಾಗದ ತುಣುಕುಗಳನ್ನು ಅವರು ಪರೀಕ್ಷಿಸಿದರು. 2016ರ ಮಾದರಿಗಳಲ್ಲಿ ಒಂದು ಗ್ರಾಂ ಮೆದುಳಿಗೆ ಸುಮಾರು 3,345 ಮೈಕ್ರೋಗ್ರಾಂ ಪ್ಲಾಸ್ಟಿಕ್, 2024ರವುಗಳಲ್ಲಿ 4,917 ಮೈಕ್ರೋಗ್ರಾಂ ಸಿಕ್ಕಿತು ಎಂದರು. ಎರಡೂ ಮಧ್ಯಾಂಕಗಳು, ಅಂದರೆ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವವು. ಇಡೀ ಮೆದುಳು 1,400 ಗ್ರಾಂ ಎಂದು ಹಿಡಿದು ಗುಣಿಸಿದರೆ ಸುಮಾರು 7 ಗ್ರಾಂ. ಚಮಚ ಬಂದದ್ದು ಹೀಗೆ. ಸಿಕ್ಕ ಪ್ಲಾಸ್ಟಿಕ್ಕಿನಲ್ಲಿ ಮುಕ್ಕಾಲು ಪಾಲು ಪಾಲಿಥಿಲೀನ್, ಅಂದರೆ ನಮ್ಮ ಹಾಲಿನ ಪ್ಯಾಕೆಟ್ಟು, ತರಕಾರಿ ಕವರಿನ ಪ್ಲಾಸ್ಟಿಕ್.

ಈ "ಪಾಲಿಥಿಲೀನ್" ಎಂಬ ಪದದಲ್ಲೇ ತಕರಾರಿನ ಬೇರಿದೆ. ಅದು ಅರ್ಥವಾಗಲು ಅಳತೆ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು.

ಮೆದುಳಿನ ತುಣುಕನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರದಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಮಾಂಸದ ಭಾಗ ಕರಗುತ್ತದೆ, ಪ್ಲಾಸ್ಟಿಕ್ ಬಹುಪಾಲು ಉಳಿಯುತ್ತದೆ. ಆ ದ್ರವವನ್ನು ಭಾರೀ ವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಒಂದಿಷ್ಟು ಗಷ್ಟು ನಿಲ್ಲುತ್ತದೆ. ಅದನ್ನು ಆಮ್ಲಜನಕ ಇಲ್ಲದ ಕಡೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಉದ್ದನೆಯ ಅಣುಗಳು ಚೂರುಚೂರಾಗಿ ಅನಿಲವಾಗುತ್ತವೆ. ಆ ಚೂರುಗಳನ್ನು ಒಂದೊಂದಾಗಿ ಬೇರ್ಪಡಿಸಿ ತೂಗಿ, "ಈ ಚೂರುಗಳು ಇಂಥ ಪ್ಲಾಸ್ಟಿಕ್ಕಿನವು" ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಹೊಗೆಯ ವಾಸನೆ ಹಿಡಿದು ಒಲೆಗೆ ಯಾವ ಸೌದೆ ಹಾಕಿದ್ದರು ಎಂದು ಹೇಳಿದ ಹಾಗೆ. ಕಣವನ್ನು ಯಾರೂ ಎಣಿಸುವುದಿಲ್ಲ, ನೋಡುವುದೂ ಇಲ್ಲ. ಪೈರಾಲಿಸಿಸ್ ಜಿಸಿ-ಎಂಎಸ್ ಎನ್ನುವುದು ಇದಕ್ಕೇ.

ಪಾಲಿಥಿಲೀನ್ ಎಂದರೆ ಇಂಗಾಲದ ಉದ್ದ ಸರಪಳಿ, ಮೈತುಂಬ ಹೈಡ್ರೋಜನ್. ಬೇರೆ ಗುರುತು ಏನೂ ಇಲ್ಲ. ಕಾಯಿಸಿದಾಗ ಅದು 10, 12, 14 ಇಂಗಾಲಗಳ ತುಂಡುಗಳಾಗಿ ಒಡೆಯುತ್ತದೆ. ಈಗ ನಮ್ಮ ಮೈಯ ಕೊಬ್ಬನ್ನು ನೋಡಿ. ಕೊಬ್ಬಿನ ಆಮ್ಲಗಳು 16, 18 ಇಂಗಾಲಗಳ ಸರಪಳಿಗಳು. ಕಾಯಿಸಿದರೆ ಅವೂ ಅವೇ ತುಂಡುಗಳನ್ನು ಕೊಡುತ್ತವೆ. ಯಂತ್ರಕ್ಕೆ ಎರಡರ ನಡುವೆ ಭೇದ ಕಾಣುವುದು ಕಷ್ಟ. ಮೆದುಳಿನ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇದೆ. ದೇಹದಲ್ಲಿ ಪಾಲಿಥಿಲೀನ್ ಹುಡುಕಲು ಇದಕ್ಕಿಂತ ತೊಡಕಿನ ಜಾಗ ಸಿಗುವುದು ವಿರಳ.

ಕ್ಷಾರದಲ್ಲಿ ಕೊಬ್ಬು ಕರಗಿ ಹೋಗಬೇಕಲ್ಲ ಎಂದು ಕೇಳಬಹುದು. ಪೂರ್ತಿ ಹೋಗುವುದಿಲ್ಲ. ಕ್ಷಾರವೂ ಕೊಬ್ಬೂ ಸೇರಿದರೆ ಆಗುವುದು ಸಾಬೂನು, ಸೋಪು ಕಾರ್ಖಾನೆಯಲ್ಲಿ ನಡೆಯುವ ಕ್ರಿಯೆಯೇ ಇದು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಉಜ್ಜಿದರೆ ನೊರೆ ಬರುವ ಬದಲು ಬಿಳಿ ಗಷ್ಟು ಬಕೆಟ್ಟಿಗೆ ಅಂಟುತ್ತದಲ್ಲ, ಅಂಗಾಂಶದಲ್ಲಿರುವ ಕ್ಯಾಲ್ಸಿಯಂ ಜೊತೆಗೂ ಅದೇ ಥರ ಕರಗದ ಗಷ್ಟು ಆಗಬಹುದು. ಸೆಂಟ್ರಿಫ್ಯೂಜ್ ಅದನ್ನೂ ತಳಕ್ಕೆ ತಂದು ಕೂರಿಸುತ್ತದೆ. ಸಾವಯವ ದ್ರಾವಕದಿಂದ ಆ ಗಷ್ಟನ್ನು ಚೆನ್ನಾಗಿ ತೊಳೆಯದೆ ಕಾಯಿಸಿದರೆ ಲೆಕ್ಕಕ್ಕೆ ಬರುವುದು ಕೊಬ್ಬೋ ಪ್ಲಾಸ್ಟಿಕ್ಕೋ ಹೇಳುವುದು ಹೇಗೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಸಾಂಡ್ರಾ ರೌವರ್ಟ್ ತಂಡ ಇದನ್ನು ರಕ್ತದಲ್ಲಿ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿತು. ಪಾಲಿಥಿಲೀನ್ ಮತ್ತು ಪಿವಿಸಿ ಎರಡಕ್ಕೂ ಈ ವಿಧಾನ ಸದ್ಯಕ್ಕೆ ತಕ್ಕುದಲ್ಲ, ದೇಹದ್ದೇ ವಸ್ತುಗಳು ಸಂಕೇತದೊಳಗೆ ಬೆರೆಯುತ್ತವೆ ಎಂದು ಅವರ ನಿರ್ಣಯ. ಎಲ್ಲ ಪ್ಲಾಸ್ಟಿಕ್ಕಿಗೂ ಇದೇ ಗತಿ ಎಂದಲ್ಲ. ಅಕ್ರಿಲಿಕ್ ಜಾತಿಯ ಪಿಎಂಎಂಎ ಕಾಯಿಸಿದರೆ ಅದರದ್ದೇ ಆದ ಒಂದು ಚೂರು ಬರುತ್ತದೆ, ಗೊಂದಲ ಕಡಿಮೆ. ಥರ್ಮಕೋಲಿನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್ ಮಧ್ಯದಲ್ಲಿದೆ. ಅದು ಕೊಡುವ ಸ್ಟೈರೀನ್ ಅನ್ನು ದೇಹದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೈನ್ ಕೂಡ ಕೊಡಬಲ್ಲದು. ಹಾಗಾಗಿ ಯಾವ ಪ್ಲಾಸ್ಟಿಕ್ ಎಂದು ಕೇಳದೆ "ಪ್ಲಾಸ್ಟಿಕ್ ಸಿಕ್ಕಿತು" ಎಂದರೆ ಅರ್ಧ ಮಾತು.

ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬಹುದು. ಇದಕ್ಕೆ ಪ್ರಯೋಗಾಲಯ ಬೇಡ, ಗುಣಾಕಾರ ಸಾಕು. ನೆದರ್‌ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ, ಆಹಾರ ನೀರು ಗಾಳಿಯಿಂದ ಒಬ್ಬ ವಯಸ್ಕನ ದೇಹಕ್ಕೆ ದಿನಕ್ಕೆ ಎಷ್ಟು ಪ್ಲಾಸ್ಟಿಕ್ ಹೋಗುತ್ತದೆ ಎಂದು ಅಂದಾಜು ಮಾಡಿತು. ಮಧ್ಯಾಂಕ 883 ಕಣ, ತೂಕದಲ್ಲಿ 583 ನ್ಯಾನೊಗ್ರಾಂ (ಹತ್ತು ಲಕ್ಷ ನ್ಯಾನೊಗ್ರಾಂ ಸೇರಿದರೆ ಒಂದು ಮಿಲಿಗ್ರಾಂ). ಅದನ್ನು 365ರಿಂದ, ಮತ್ತೆ 70 ವರ್ಷದಿಂದ ಗುಣಿಸಿ. ಸುಮಾರು 15 ಮಿಲಿಗ್ರಾಂ ಬರುತ್ತದೆ. ಒಂದು ಕಣವೂ ಮಲದಲ್ಲಿ ಹೋಗದೆ, ಅಷ್ಟೂ ಮೆದುಳನ್ನೇ ಸೇರಿತು ಎಂದು ಹಿಡಿದರೂ 15 ಮಿಲಿಗ್ರಾಂ. ಮೆದುಳಿನ ಅಧ್ಯಯನ ಹೇಳುವುದು 7,000 ಮಿಲಿಗ್ರಾಂ. ನಾನೂರೈವತ್ತು ಪಟ್ಟಿಗಿಂತ ಹೆಚ್ಚು! ಎರಡೂ ಒಟ್ಟಿಗೆ ಸರಿ ಇರಲು ಸಾಧ್ಯವಿಲ್ಲ. ಒಂದೋ ನಾವು ತಿನ್ನುವ ಲೆಕ್ಕ ಭಾರೀ ಕಡಿಮೆ ಹಿಡಿದಿದೆ, ಇಲ್ಲವೇ ಮೆದುಳಿನ ಲೆಕ್ಕ ಭಾರೀ ಹೆಚ್ಚು ಹಿಡಿದಿದೆ.

ವಾಗೆನಿಂಗೆನ್ ಅಂದಾಜಿನಲ್ಲಿ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳು ಸೇರಿಲ್ಲ, ಎಲ್ಲ ಬಗೆಯ ಆಹಾರವೂ ಸೇರಿಲ್ಲ ಎನ್ನುವುದು ನಿಜ. ಆದರೆ ಸಣ್ಣ ಕಣಗಳ ತೂಕ ಘನದ ಲೆಕ್ಕದಲ್ಲಿ ಇಳಿಯುತ್ತದೆ. 100 ಮೈಕ್ರಾನಿನ ಒಂದು ಕಣ, ತೂಕದಲ್ಲಿ 1 ಮೈಕ್ರಾನಿನ ಹತ್ತು ಲಕ್ಷ ಕಣಗಳಿಗೆ ಸಮ. ಬರೀ ಅತಿಸಣ್ಣ ಕಣಗಳಿಂದ ಗ್ರಾಂಗಟ್ಟಲೆ ತೂಕ ತುಂಬಿಸುವುದು ಸುಲಭವಲ್ಲ. ನನ್ನ ಒಲವು ಮೆದುಳಿನ ಅಂಕಿಯನ್ನು ಅನುಮಾನಿಸುವ ಕಡೆಗೇ.

ಆಮ್‌ಸ್ಟರ್‌ಡ್ಯಾಮ್‌ನ 2022ರ ಪ್ರಸಿದ್ಧ ರಕ್ತದ ಅಧ್ಯಯನಕ್ಕೂ ಇದೇ ಗುಣಾಕಾರ ಹಚ್ಚಿ ನೋಡಿ. 22 ರಕ್ತದಾನಿಗಳಲ್ಲಿ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು, ಸರಾಸರಿ ಒಂದು ಮಿಲಿಲೀಟರಿಗೆ 1.6 ಮೈಕ್ರೋಗ್ರಾಂ. ಮೈಯಲ್ಲಿ 5 ಲೀಟರ್ ರಕ್ತ ಎಂದರೆ ಒಟ್ಟು 8 ಮಿಲಿಗ್ರಾಂ. ದಿನಕ್ಕೆ 583 ನ್ಯಾನೊಗ್ರಾಂ ಒಳಗೆ ಹೋಗುವವರಿಗೆ ಇದು ಸುಮಾರು 37 ವರ್ಷದ ಪೂರ್ತಿ ಸೇವನೆ. ಅದೂ ರಕ್ತ ಎನ್ನುವುದು ಗೋದಾಮಲ್ಲ, ರಸ್ತೆ. ಯಕೃತ್ತು, ಗುಲ್ಮಗಳು ಕಣಗಳನ್ನು ಅಲ್ಲಿಂದ ಸತತವಾಗಿ ಸೋಸುತ್ತಿರುತ್ತವೆ.

ಅಂದಹಾಗೆ "ವಾರಕ್ಕೊಂದು ಕ್ರೆಡಿಟ್ ಕಾರ್ಡ್ ತಿನ್ನುತ್ತೇವೆ" ಎಂಬ ಮಾತೂ ಇದೇ ಸಂತತಿ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಅಂದಾಜು ವಾರಕ್ಕೆ 0.1ರಿಂದ 5 ಗ್ರಾಂ ಎಂದಿತ್ತು. 2019ರಲ್ಲಿ ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಪ್ರಚಾರಕ್ಕೆ ತೆಗೆದುಕೊಂಡದ್ದು ಮೇಲಿನ ತುದಿ. ವಾಗೆನಿಂಗೆನ್ ಲೆಕ್ಕಕ್ಕೂ ಅದಕ್ಕೂ ಹತ್ತು ಲಕ್ಷ ಪಟ್ಟಿಗಿಂತ ಹೆಚ್ಚು ಅಂತರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಕೊರತೆಯಿಲ್ಲ.

ಮೆದುಳಿನ ಅಧ್ಯಯನದ ಪರವಾಗಿ ಒಂದು ನ್ಯಾಯವಾದ ಮಾತಿದೆ. ತಕ್ಕಡಿ ತಪ್ಪಿದ್ದರೂ ಎರಡೂ ವರ್ಷದ ಮಾದರಿಗೆ ಅದೇ ತಕ್ಕಡಿಯಲ್ಲವೆ, ಹಾಗಾದರೆ 2016ರಿಂದ 2024ಕ್ಕೆ ಆದ ಏರಿಕೆಯಾದರೂ ನಿಜವಿರಬಹುದಲ್ಲ? ಇರಬಹುದು. ಆದರೆ ಇವು ಒಬ್ಬರದೇ ಮೆದುಳಿನ ಎರಡು ಕಾಲದ ಮಾದರಿಗಳಲ್ಲ. ಬೇರೆ ಬೇರೆ ಜನ, ಬೇರೆ ಬೇರೆ ಅವಧಿ ಕಪಾಟಿನಲ್ಲಿದ್ದ ತುಣುಕುಗಳು. ಒಬ್ಬೊಬ್ಬರ ತುಣುಕಿನಲ್ಲಿ ಕೊಬ್ಬಿನ ಪಾಲು ಬೇರೆ. ಮರೆವಿನ ಕಾಯಿಲೆ ಇದ್ದ 12 ಮಂದಿಯ ಮೆದುಳಿನಲ್ಲಿ ಇನ್ನೂ ಹೆಚ್ಚು ಸಿಕ್ಕಿತು ಎನ್ನುವುದಕ್ಕೂ ಹೀಗೇ ಎರಡು ಓದು ಸಾಧ್ಯ. ಆ ಕಾಯಿಲೆಯಲ್ಲಿ ಮೆದುಳು ಸೊರಗುತ್ತದೆ, ರಕ್ತದಿಂದ ಮೆದುಳಿಗಿರುವ ತಡೆಗೋಡೆ ಸಡಿಲವಾಗುತ್ತದೆ, ಕಸ ಹೊರಹಾಕುವ ವ್ಯವಸ್ಥೆ ನಿಧಾನವಾಗುತ್ತದೆ. ಪ್ಲಾಸ್ಟಿಕ್ಕಿನಿಂದ ಕಾಯಿಲೆ ಬಂತು ಎಂದು ಸಂಶೋಧಕರೇ ಹೇಳಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 200 ನ್ಯಾನೊಮೀಟರಿಗಿಂತ ಸಣ್ಣ, ಚೂರಿಯಂಥ ತುಣುಕುಗಳು ಕಂಡವು. ಆದರೆ ಆ ಚಿತ್ರ ತೋರಿಸುವುದು ಆಕಾರ. ಇದು ಪಾಲಿಥಿಲೀನೇ ಎಂಬ ಸಹಿ ಅದರಲ್ಲಿಲ್ಲ.

ಇನ್ನೊಂದು ಅಧ್ಯಯನವನ್ನು ನಾನು ಇಷ್ಟು ಹಗುರವಾಗಿ ಬಿಡುವುದಿಲ್ಲ. 2024ರ ಮಾರ್ಚಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇಟಲಿಯ ಅಧ್ಯಯನ ಅದು. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿನ ಪದರವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಪರೀಕ್ಷಿಸಿದರು. 257 ರೋಗಿಗಳಲ್ಲಿ 150 ಮಂದಿಯ ಪದರದಲ್ಲಿ ಪಾಲಿಥಿಲೀನ್, 31 ಮಂದಿಯಲ್ಲಿ ಪಿವಿಸಿ ಸಿಕ್ಕಿತು. ಸರಾಸರಿ 34 ತಿಂಗಳು ಹಿಂಬಾಲಿಸಿದಾಗ, ಪ್ಲಾಸ್ಟಿಕ್ ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ 4.53 ಪಟ್ಟು. ಮನುಷ್ಯರನ್ನೇ ಹಿಂಬಾಲಿಸಿ, ಕಾಯಿಲೆಯನ್ನೇ ಎಣಿಸಿದ ಕೆಲಸ ಎಂಬ ಕಾರಣಕ್ಕೆ ಇದಕ್ಕೆ ತೂಕವಿದೆ. ಆದರೂ ಎರಡು ಕೊಕ್ಕೆ. ನಿಜವಾದ ಪಟ್ಟು 2ರಿಂದ 10ರ ನಡುವೆ ಎಲ್ಲಾದರೂ ಇರಬಹುದು ಎಂದು ಅವರದ್ದೇ ಲೆಕ್ಕ ಹೇಳುತ್ತದೆ. ಅಷ್ಟು ಅಗಲದ ಅಂತರ ಸಣ್ಣ ಗುಂಪಿನ ಲಕ್ಷಣ. ಎರಡನೆಯದು ಮತ್ತೆ ಕೊಬ್ಬು. ಪರೀಕ್ಷಿಸಿದ್ದೇ ಕೊಬ್ಬಿನ ಪದರವನ್ನು, ಹುಡುಕಿದ್ದು ಪಾಲಿಥಿಲೀನನ್ನು. ಕೊಬ್ಬು ಹೆಚ್ಚಿರುವ ಮೆತ್ತನೆಯ ಪದರ ಬೇಗ ಒಡೆದು ಪಾರ್ಶ್ವವಾಯು ತರುತ್ತದೆ ಎನ್ನುವುದು ಹೃದ್ರೋಗ ತಜ್ಞರಿಗೆ ಹಳೆಯ ವಿಷಯ. ಯಂತ್ರ "ಪ್ಲಾಸ್ಟಿಕ್" ಎಂದು ಗುರುತಿಸಿದ್ದರಲ್ಲಿ ಒಂದು ಪಾಲು ಅದೇ ಅಪಾಯದ ಕೊಬ್ಬಾಗಿದ್ದರೆ? ಹಾಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಹಾಗಲ್ಲ ಎಂದು ತೋರಿಸಲು ಕೊಬ್ಬಿನ ಅಡ್ಡಿ ನಿವಾರಿಸಿದ ವಿಧಾನದಲ್ಲಿ, ಇನ್ನೊಂದು ಊರಿನ ರೋಗಿಗಳಲ್ಲಿ ಇದನ್ನು ಮರಳಿ ಮಾಡಬೇಕು.

ಕೊಬ್ಬಿನದು ಒಂದು ಸಮಸ್ಯೆಯಾದರೆ, ಹೊರಗಿನಿಂದ ಬಂದು ಸೇರುವ ಪ್ಲಾಸ್ಟಿಕ್ ಇನ್ನೊಂದು. ಸೂಜಿಯ ಬುಡ, ರಕ್ತ ಹಿಡಿಯುವ ಕೊಳವೆ, ಮುಚ್ಚಳ, ಪೈಪೆಟ್ಟಿನ ತುದಿ, ಪರೀಕ್ಷಕರ ಬಟ್ಟೆಯ ಪಾಲಿಯೆಸ್ಟರ್ ನೂಲು, ಕೋಣೆಯ ದೂಳು, ಇಷ್ಟೂ ಪ್ಲಾಸ್ಟಿಕ್. ಕೈಗವಸು ಕೂಡ ಮೋಸ ಮಾಡುತ್ತದೆ. ಗವಸು ಅಚ್ಚಿಗೆ ಅಂಟದಿರಲೆಂದು ಬಳಸುವ ಸ್ಟಿಯರೇಟ್ ಎಂಬ ಸಾಬೂನಿನಂಥ ಲವಣ ನೀರಿಗೆ ಬಿಟ್ಟುಕೊಂಡರೆ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನ ಪರೀಕ್ಷೆಯಲ್ಲಿ ಪಾಲಿಥಿಲೀನಿನ ಹಾಗೇ ಕಾಣುತ್ತದೆ ಎಂದು 2020ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ತೋರಿಸಿದರು. ಶುದ್ಧಿಗೆಂದು ಹಾಕಿಕೊಂಡ ಗವಸೇ ಕಣ ಹುಟ್ಟಿಸಿತು.

ಅದಕ್ಕೇ ಪ್ರತಿ ಸಲವೂ "ಬ್ಲ್ಯಾಂಕ್" ಇಡಬೇಕು. ಅಂದರೆ ರಕ್ತವಾಗಲಿ ಅಂಗಾಂಶವಾಗಲಿ ಇಲ್ಲದೆ, ಬರೀ ಸೋಸಿದ ನೀರನ್ನು ಅದೇ ಸೂಜಿ, ಅದೇ ಕೊಳವೆ, ಅದೇ ಕ್ಷಾರ, ಅದೇ ಯಂತ್ರದ ಮೂಲಕ ಹಾಯಿಸಿ ಎಷ್ಟು ಕಣ ಸಿಗುತ್ತದೆ ಎಂದು ನೋಡುವುದು. ಒಂದು ಕಾಲ್ಪನಿಕ ಲೆಕ್ಕ ಹೇಳುತ್ತೇನೆ. ಮೂರು ಬ್ಲ್ಯಾಂಕ್‌ಗಳಲ್ಲಿ 4, 7, 4 ಕಣ ಸಿಕ್ಕವು ಎಂದುಕೊಳ್ಳಿ. ಸರಾಸರಿ 5, ಏರುಪೇರಿನ ಅಳತೆ ಸುಮಾರು 1.7. ಸರಾಸರಿಗೆ ಈ ಏರುಪೇರಿನ ಮೂರು ಪಟ್ಟು ಸೇರಿಸಿದರೆ 10 ದಾಟುತ್ತದೆ, ಅದು "ಇದೆ" ಎನ್ನಲು ಬೇಕಾದ ಕನಿಷ್ಠ. ಹತ್ತು ಪಟ್ಟು ಸೇರಿಸಿದರೆ 22, ಅದು "ಇಷ್ಟಿದೆ" ಎನ್ನಲು ಬೇಕಾದ ಕನಿಷ್ಠ. ಈಗ ರೋಗಿಯ ಮಾದರಿಯಲ್ಲಿ 9 ಕಣ ಸಿಕ್ಕರೆ ಪ್ರಾಮಾಣಿಕ ವರದಿ "ಪತ್ತೆಯಾಗಿಲ್ಲ" ಎಂದಿರಬೇಕು. 15 ಸಿಕ್ಕರೆ "ಇದೆ, ಎಷ್ಟೆಂದು ಹೇಳಲಾರೆವು". ಎಷ್ಟೋ ವರದಿಗಳು 9ರಲ್ಲಿ 5 ಕಳೆದು 4 ಎಂದು ಬರೆದುಬಿಡುತ್ತವೆ. ಪತ್ರಿಕೆಯ ತಲೆಬರಹ ಆ ನಾಲ್ಕರ ಮೇಲೆ ಕಟ್ಟಿದ್ದು.

2020ರ ಕೊನೆಯಲ್ಲಿ ಸುದ್ದಿಯಾದ ಇಟಲಿಯ ಗರ್ಭಕೋಶದ ಮಾಸು ಅಧ್ಯಯನ ನೆನಪಿದೆಯೆ? ಪರೀಕ್ಷಿಸಿದ್ದು 6 ಮಾಸು, ಸಿಕ್ಕದ್ದು ನಾಲ್ಕರಲ್ಲಿ ಒಟ್ಟು 12 ತುಣುಕು. ಅವರು ಹೆರಿಗೆ ಕೋಣೆಯಲ್ಲೇ ಹತ್ತಿಯ ಬಟ್ಟೆ, ಲೋಹದ ಚಿಮುಟ ಬಳಸಿ ಸಾಕಷ್ಟು ಎಚ್ಚರ ವಹಿಸಿದ್ದರು. ಆದರೂ 12 ಎನ್ನುವ ಸಂಖ್ಯೆಗೆ ಬ್ಲ್ಯಾಂಕಿನ ಒಂದೆರಡು ಕಣವೂ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಟೀ ಚೀಲದ ಕಥೆ ಇನ್ನೂ ಪಾಠವಾಗುವಂಥದ್ದು. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಒಂದು ಪ್ಲಾಸ್ಟಿಕ್ ಟೀ ಚೀಲವನ್ನು 95 ಡಿಗ್ರಿ ನೀರಿಗೆ ಹಾಕಿದರೆ 1,160 ಕೋಟಿ ಮೈಕ್ರೋಪ್ಲಾಸ್ಟಿಕ್ ಕಣ ಬರುತ್ತವೆ ಎಂದರು. ಮರುವರ್ಷ ಬೇರೆ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಆಕ್ಷೇಪ ಬರೆದರು. ಬಿಸಿನೀರಿನಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ಚಿಕ್ಕ ಅಣುಗಳು ಕರಗಿ ಹೊರಬರುತ್ತವೆ, ಸೂಕ್ಷ್ಮದರ್ಶಕಕ್ಕೆಂದು ನೀರನ್ನು ಒಣಗಿಸಿದಾಗ ಅವೇ ಹರಳುಗಟ್ಟಿ ಕಣದಂತೆ ಕಾಣುತ್ತವೆ, ನೀವು ಎಣಿಸಿದ್ದರಲ್ಲಿ ಬಹುಪಾಲು ಅದೇ ಇರಬೇಕು ಎಂದು ಅವರ ವಾದ. ಹಾಗೆ ಹೊರಬಂದದ್ದೂ ಕುಡಿಯತಕ್ಕದ್ದಲ್ಲ, ಅದು ಬೇರೆ ಮಾತು. ಆದರೆ ಆ ಸಂಖ್ಯೆ ಇವತ್ತಿಗೂ ತಿದ್ದುಪಡಿಯಿಲ್ಲದೆ ವಾಟ್ಸಾಪಿನಲ್ಲಿ ಸುತ್ತುತ್ತಿದೆ.

ಸುದ್ದಿ ಓದುವಾಗ ನೀವೇ ಬಳಸಬಹುದಾದ ಒಂದು ಅಳತೆಗೋಲು ಕಣದ ಗಾತ್ರ. 5 ಮಿಲಿಮೀಟರಿಗಿಂತ ಸಣ್ಣದ್ದನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ, ಅಂದರೆ ಸಾಸಿವೆಗಿಂತ ದೊಡ್ಡದೂ ಅದರಲ್ಲಿ ಬಂತು. ಕೆಂಪು ರಕ್ತಕಣ 7-8 ಮೈಕ್ರಾನ್, ಅದು ಹಾದುಹೋಗುವ ಅತಿ ಕಿರಿಯ ರಕ್ತನಾಳವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲೇ ಹೇಳಿದಂತೆ, 150 ಮೈಕ್ರಾನಿಗಿಂತ ದೊಡ್ಡದು ಕರುಳಿನ ಗೋಡೆ ದಾಟುವುದಿಲ್ಲ, ಅದಕ್ಕಿಂತ ಸಣ್ಣದರಲ್ಲಿ ದಾಟುವುದು ಹೆಚ್ಚೆಂದರೆ ಶೇ 0.3, ಅಂಗಗಳ ಆಳಕ್ಕೆ ಇಳಿಯುವುದು ಒಂದೂವರೆ ಮೈಕ್ರಾನಿಗಿಂತ ಸಣ್ಣದು. ಹಾಗಾಗಿ ಓಡಾಡುವ ರಕ್ತದಲ್ಲಿ 100 ಮೈಕ್ರಾನಿನ ನೂಲು ಸಿಕ್ಕಿತು ಎಂದರೆ ಪರೀಕ್ಷಕರ ಅಂಗಿಯನ್ನು ಮೊದಲು ನೋಡಬೇಕು. ಮತ್ತೆ ಇದರ ವಿಪರ್ಯಾಸ ನೋಡಿ. ಕಣವನ್ನು ಕಣ್ಣಾರೆ ಗುರುತಿಸುವ ಅವಕೆಂಪು ಸೂಕ್ಷ್ಮದರ್ಶಕ ಸುಮಾರು 10 ಮೈಕ್ರಾನಿನವರೆಗೆ, ರಾಮನ್ ಸೂಕ್ಷ್ಮದರ್ಶಕ ಸುಮಾರು 1 ಮೈಕ್ರಾನಿನವರೆಗೆ ಕೆಲಸ ಮಾಡುತ್ತವೆ. ಒಳಗೆ ಇಳಿಯಬಲ್ಲ ಕಣಗಳು ನಮಗೆ ಸರಿಯಾಗಿ ಕಾಣುವುದಿಲ್ಲ, ಸರಿಯಾಗಿ ಕಾಣುವ ಕಣಗಳು ಒಳಗೆ ಇಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ "ಹಾಗಾದರೆ ಎಲ್ಲ ಬುರುಡೆ" ಎಂದುಕೊಂಡರೆ ಅದೂ ತಪ್ಪು. ಪ್ಲಾಸ್ಟಿಕ್ ಕಣ ದೇಹದಲ್ಲಿ ಏನು ಮಾಡಬಲ್ಲದು ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಇರುವ ಎರಡು ಕಡೆಗಳಿವೆ, ಎರಡನ್ನೂ ಈ ಚರ್ಚೆಯಲ್ಲಿ ಯಾಕೋ ಯಾರೂ ಎತ್ತುವುದಿಲ್ಲ. ಒಂದು, ಸೊಂಟದ ಕೀಲು ಬದಲಿಸಿದವರು. ಕೃತಕ ಕೀಲಿನ ಪಾಲಿಥಿಲೀನ್ ಬಟ್ಟಲು ಸವೆದು ಬಿಡುವ ಕಣಗಳು ಸುತ್ತಲಿನ ಮೂಳೆಯನ್ನು ಕರಗಿಸುತ್ತವೆ. ದೇಹದ ರೋಗನಿರೋಧಕ ಜೀವಕೋಶಗಳು ಅವನ್ನು ನುಂಗಿ ಜೀರ್ಣಿಸಿಕೊಳ್ಳಲಾರದೆ ಉರಿಯೂತದ ಸಂಕೇತ ಕಳಿಸುವುದರಿಂದ ಹೀಗಾಗುತ್ತದೆ. ಆ ಪ್ಲಾಸ್ಟಿಕ್ ಕಣಗಳು ದುಗ್ಧಗ್ರಂಥಿ, ಯಕೃತ್ತು, ಗುಲ್ಮಗಳವರೆಗೂ ಹೋಗಿರುವುದನ್ನು 2000ನೇ ಇಸವಿಯಷ್ಟು ಹಿಂದೆಯೇ ದಾಖಲಿಸಿದ್ದಾರೆ. ಇನ್ನೊಂದು, ನೈಲಾನ್ ನೂಲಿನ ಪುಡಿಯಿಂದ ವೆಲ್ವೆಟ್ ಥರದ ಬಟ್ಟೆ ಮಾಡುವ ಕಾರ್ಖಾನೆಗಳ ಕಾರ್ಮಿಕರು. 1990ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಅವರಿಗೆ ಶ್ವಾಸಕೋಶದ ಅಂಗಾಂಶದ ಕಾಯಿಲೆ ಬಂದದ್ದು ವೈದ್ಯಕೀಯ ದಾಖಲೆಯಲ್ಲಿದೆ. ಈ ಎರಡರಲ್ಲೂ ಕಣದ ಪ್ರಮಾಣ ನಿಮ್ಮ ನಮ್ಮ ನಿತ್ಯದ ಪ್ರಮಾಣಕ್ಕಿಂತ ಅಜಗಜಾಂತರ ಹೆಚ್ಚು. ಆದರೂ ಕಣ ಜಡವಾಗಿ ಸುಮ್ಮನೆ ಕೂರುವುದಿಲ್ಲ ಎನ್ನುವುದು ಇದರಿಂದ ಸ್ಪಷ್ಟ. ಎಷ್ಟಾದರೆ ತೊಂದರೆ ಎಂಬ ಗೆರೆ ಮಾತ್ರ ಗೊತ್ತಿಲ್ಲ. ಆ ಗೆರೆ ಎಳೆಯಲು ಅಳತೆ ಬೇಕು, ಅಳತೆ ಇನ್ನೂ ಕೈಗೆ ಬಂದಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಲಕ್ನೋದ ಐಐಟಿಆರ್, ಕೊಚ್ಚಿಯ ಸಿಐಎಫ್‌ಟಿ, ಪಿಲಾನಿಯ ಬಿಟ್ಸ್ ಎಂಬ ಸಂಶೋಧನಾ ಸಂಸ್ಥೆಗಳ ಜೊತೆ ಶುರು ಮಾಡಿದ ಯೋಜನೆಯ ಮೊದಲ ಗುರಿಯೂ ಆಹಾರದಲ್ಲಿ ಕಣ ಅಳೆಯುವ ಒಪ್ಪಿತ ವಿಧಾನ ರೂಪಿಸುವುದೇ.

ಈಗ ನಿಮ್ಮ ಕಿಟ್. ಬೆರಳು ಚುಚ್ಚಿದರೆ ಸಿಗುವುದು ಒಂದೆರಡು ಹನಿ. ಬೆರಳ ಮೇಲೆ ಟವೆಲಿನ ನೂಲಿದೆ, ಮನೆಯ ಗಾಳಿಯಲ್ಲಿ ದೂಳಿದೆ, ಹನಿ ಬೀಳುವ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಬಂದದ್ದು. ನಿಮ್ಮ ಮನೆಯ ಬ್ಲ್ಯಾಂಕ್ ಯಾರೂ ಇಟ್ಟಿಲ್ಲ. ಬಂದ ಅಂಕಿಯನ್ನು ಹೋಲಿಸಲು "ಇಷ್ಟಿದ್ದರೆ ಸರಿ" ಎಂಬ ಮಿತಿಯೂ ಇಲ್ಲ, ಹೆಚ್ಚು ಬಂದರೆ ಕೊಡುವ ಔಷಧಿಯೂ ಇಲ್ಲ. ಸಕ್ಕರೆ, ಥೈರಾಯಿಡ್ ಪರೀಕ್ಷೆಯ ಹಾಗೆ ವೈದ್ಯರು ಏನಾದರೂ ಮಾಡುವಂಥ ಫಲಿತಾಂಶವೇ ಅಲ್ಲ. ರಕ್ತ ಸೋಸಿ ಪ್ಲಾಸ್ಟಿಕ್ ತೆಗೆಯುತ್ತೇವೆ ಎಂಬ ದುಬಾರಿ ಚಿಕಿತ್ಸೆಗಳೂ ಹೊರದೇಶಗಳಲ್ಲಿ ಶುರುವಾಗಿವೆ. ಅವುಗಳ ಹತ್ತಿರ ಹೋಗಬೇಡಿ.

ಉಪ್ಪಿಗೆ ಮತ್ತೆ ಗುಣಾಕಾರವೇ ಸಾಕು. ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2024ರಲ್ಲಿ ನಮ್ಮ ಮಾರುಕಟ್ಟೆಯ ಉಪ್ಪು, ಸಕ್ಕರೆ ಪರೀಕ್ಷಿಸಿದಾಗ ಅಯೋಡಿನ್ ಉಪ್ಪಿನಲ್ಲಿ ಕಂಡ ಅತಿ ಹೆಚ್ಚು ಸಂಖ್ಯೆ ಕಿಲೋಗೆ 89 ತುಣುಕು. ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ ಒಂದು ತುಣುಕು ಪೂರ್ತಿ ಆಗುವುದಿಲ್ಲ. ಅವುಗಳ ಗಾತ್ರ 0.1ರಿಂದ 5 ಮಿಲಿಮೀಟರ್, ಹೆಚ್ಚಿನವು ಬಂದ ದಾರಿ ಹಿಡಿದು ಮಲದಲ್ಲೇ ಹೋಗುತ್ತವೆ. ಅದಕ್ಕಾಗಿ ಅಯೋಡಿನ್ ಬಿಟ್ಟು ಸೈಂಧವಕ್ಕೆ ಹೋದರೆ, ಮಲೆನಾಡಿನ ಮನೆಗಳಲ್ಲಿ ಹಿರಿಯರು ಕಂಡಿರುವ ಗಳಗಂಡವನ್ನು ಕರೆದು ಕೂರಿಸಿದಂತೆ.

ಬಿಸಿ ಮತ್ತು ತೆಳು ಪ್ಲಾಸ್ಟಿಕ್ ಸೇರುವ ಕಡೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ, ಬೇಡ. ಕಣದ ಅಂಕಿ ಏರುಪೇರಾದರೂ ಬಿಸಿ ಹೆಚ್ಚಿದಷ್ಟೂ ಬಿಡುಗಡೆ ಹೆಚ್ಚು ಎನ್ನುವುದನ್ನು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ, ಜೊತೆಗೆ ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕಗಳೂ ಬಿಸಿ ಎಣ್ಣೆ, ಹುಳಿಗೆ ಬೇಗ ಬಿಟ್ಟುಕೊಳ್ಳುತ್ತವೆ. ಪೇಪರ್ ಕಪ್ಪಿನ ಒಳಗೋಡೆಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. 85-90 ಡಿಗ್ರಿಯ 100 ಮಿಲಿಲೀಟರ್ ನೀರು 15 ನಿಮಿಷ ಅದರಲ್ಲಿದ್ದರೆ ಸುಮಾರು 25,000 ಕಣ ಎಂದು ಖರಗಪುರ ಐಐಟಿಯವರು 2020ರಲ್ಲಿ ಎಣಿಸಿದರು. ಕಾಲು ಗಂಟೆ ಟೀ ಹಿಡಿದು ನಿಲ್ಲುವವರು ಕಡಿಮೆ, ಆ ಸಂಖ್ಯೆಯೂ ಕಲ್ಲಿನ ಮೇಲೆ ಬರೆದದ್ದಲ್ಲ. ಆದರೆ ದರ್ಶಿನಿಯಲ್ಲಿ ಗಾಜಿನ ಲೋಟದಲ್ಲಿ ಕೊಡಿ ಎಂದು ಕೇಳಲು ಖರ್ಚೇನಿದೆ? ಸಾಂಬಾರ್ ಪಾರ್ಸೆಲ್‌ಗೆ ಮನೆಯಿಂದ ಸ್ಟೀಲ್ ಕ್ಯಾರಿಯರ್ ಒಯ್ಯಿರಿ. 2025ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷಿಸಿದ 251 ಇಡ್ಲಿ ತಾಣಗಳಲ್ಲಿ 52 ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು, ಆಮೇಲೆ ಅದನ್ನು ನಿಷೇಧಿಸಿದರು. ಇಡ್ಲಿಯ ತಳದಲ್ಲಿ ಬಟ್ಟೆಯ ಹೆಣಿಗೆಯ ಗುರುತಿಲ್ಲದೆ ನುಣ್ಣಗೆ ಹೊಳೆಯುತ್ತಿದ್ದರೆ ಒಂದು ಮಾತು ಕೇಳಿ. ಇನ್ನು ಹಂಡೆ ಒಲೆ ಹೊತ್ತಿಸಲು ಹಾಲಿನ ಕವರು, ಹಳೇ ಪೈಪು ಹಾಕುವ ಅಭ್ಯಾಸ. ಮೈಕ್ರೋಪ್ಲಾಸ್ಟಿಕ್ಕಿನ ಅಪಾಯ ಅನಿಶ್ಚಿತ, ಆ ಹೊಗೆಯ ಅಪಾಯ ನಿಶ್ಚಿತ. ಪಿವಿಸಿ ಉರಿದರೆ ಡಯಾಕ್ಸಿನ್ ಬರುತ್ತದೆ.

ಕುಡಿಯುವ ನೀರು ಬೋರ್‌ವೆಲ್‌ನದಾಗಿದ್ದು ಗಡಸಾಗಿದ್ದರೆ ಕುದಿಸುವುದರಿಂದ ಒಂದು ಲಾಭವಿದೆ. 2024ರಲ್ಲಿ ಚೀನಾದ ಗ್ವಾಂಗ್‌ಝೌ ಸಂಶೋಧಕರು, ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರನ್ನು 5 ನಿಮಿಷ ಕುದಿಸಿದರೆ ಸುಣ್ಣದ ಗಷ್ಟು ಕಟ್ಟುವಾಗ ಕಣಗಳನ್ನೂ ಹಿಡಿದುಕೊಂಡು ಕೂರುತ್ತದೆ, ಶೇ 90ರವರೆಗೆ ತೆಗೆಯಬಹುದು ಎಂದು ತೋರಿಸಿದರು. ಮೆದು ನೀರಿನಲ್ಲಿ ಶೇ 25ರ ಸುಮಾರು. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅಲುಗಾಡಿಸದೆ ಆರಲು ಬಿಡಿ, ಮೇಲಿನ ನೀರನ್ನು ಹತ್ತಿ ಬಟ್ಟೆಯಲ್ಲಿ ಸೋಸಿ, ತಳದ ಎರಡು ಬೆರಳು ನೀರು ಚೆಲ್ಲಿ. ತಳವನ್ನು ಕೆರೆದು ಅದೇ ನೀರಿಗೆ ಕಲಸಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಮಗುವಿನ ವಿಷಯ. ತಾಯಿಯ ಹಾಲೂ ಸ್ವಲ್ಪ ಕುಡಿಯುತ್ತಿದ್ದರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಎದೆಹಾಲಿನಲ್ಲೂ ಕಣ ಸಿಕ್ಕಿತು ಎಂಬ ಸುದ್ದಿಯ ಹಿಂದೆ 34 ತಾಯಂದಿರ ಒಂದು ಸಣ್ಣ ಅಧ್ಯಯನವಿದೆ, ಮೇಲಿನ ಎಲ್ಲ ಅನುಮಾನಗಳೂ ಅದಕ್ಕೂ ಅನ್ವಯ. ಬಾಟಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಕಂಡುಕೊಂಡದ್ದು, ಕಣ ಬಿಡುವುದು ಮುಖ್ಯವಾಗಿ ಬಿಸಿ ನೀರು ಒಳಗಿರುವಾಗ ಮತ್ತು ಕುಲುಕುವಾಗ. ಅವರು ಲೀಟರಿಗೆ ಗರಿಷ್ಠ 1.62 ಕೋಟಿ ಕಣ ಎಣಿಸಿದರು. ಸಂಖ್ಯೆಯನ್ನು ಪಕ್ಕಕ್ಕಿಡಿ, ಕ್ರಮ ಬದಲಿಸುವುದು ಸುಲಭ. ಬಾಟಲಿಯನ್ನು ಎಂದಿನಂತೆ ಕುದಿಸಿ ಹೊರತೆಗೆದು ಆರಲು ಬಿಡಿ. ಇನ್ನೊಂದು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಆರಿಸಿದ ನೀರಿನಿಂದ ಅದನ್ನು ಮೂರು ಸಲ ಗಲಬರಿಸಿ ಚೆಲ್ಲಿ. ಪುಡಿಯನ್ನು ಬಾಟಲಿಯಲ್ಲಿ ಕಲಸಬೇಡಿ. ಕುದಿಸಿ ತೊಳೆದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ, 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ. ಆ ಬಿಸಿ ಬೇಕೇ ಬೇಕು, ಪುಡಿಯಲ್ಲಿರಬಹುದಾದ ಬ್ಯಾಕ್ಟೀರಿಯಾ ಸಾಯುವುದು ಅದರಿಂದಲೇ. ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಸುರಿಯಿರಿ. ಬಾಟಲಿಯನ್ನು ಮೈಕ್ರೋವೇವಿಗೆ ಇಡಬೇಡಿ. ಗಾಜಿನ ಬಾಟಲಿ ಒಗ್ಗುವುದಾದರೆ ಇಷ್ಟು ಸಾಲು ಕೆಲಸವೂ ಉಳಿಯಿತು, ಬಿದ್ದು ಒಡೆಯುವ ಭಯವೊಂದು ಬಿಟ್ಟರೆ. ಕಣದ ಹೆದರಿಕೆಯಿಂದ ಬಾಟಲಿ ಕುದಿಸುವುದನ್ನು ಮಾತ್ರ ಬಿಡಬೇಡಿ, ಸರಿಯಾಗಿ ಕುದಿಸದ ಬಾಟಲಿಯಿಂದ ಬರುವ ಭೇದಿ ನಾಲ್ಕು ತಿಂಗಳ ಮಗುವನ್ನು ಎರಡೇ ದಿನದಲ್ಲಿ ಆಸ್ಪತ್ರೆಗೆ ಸೇರಿಸುತ್ತದೆ.